ನರದ ಪರೀಕ್ಷೆ ಯಾವತ್ತು ಮಾಡಿಸಿದಿರಿ?

ಬೈಕಿನಿಂದ ಬಿದ್ದು ತೋಳಿನ ಮೂಳೆ ಮುರಿದುಕೊಂಡಿದ್ದ ಹುಡುಗನೊಬ್ಬ ನಾಲ್ಕನೇ ದಿನಕ್ಕೆ ನಮ್ಮ ಪರೀಕ್ಷಾ ಕೋಣೆಗೆ ಬಂದ. ಜೊತೆಗೆ ಅವನ ಅಮ್ಮ. ಮಣಿಕಟ್ಟು ಜೋತು ಬಿದ್ದಿತ್ತು. ಕೈ ಮೇಲಕ್ಕೆ ಎತ್ತಪ್ಪ ಅಂದರೆ ಎತ್ತಲು ಆಗುತ್ತಿರಲಿಲ್ಲ, ಬೆರಳು ಬಿಚ್ಚಲೂ ಆಗುತ್ತಿರಲಿಲ್ಲ. ತೋಳಿನ ಮೂಳೆಯನ್ನು ಸುತ್ತಿಕೊಂಡು ಇಳಿಯುವ ರೇಡಿಯಲ್ ನರಕ್ಕೆ ಪೆಟ್ಟಾಗಿತ್ತು. ಮುರಿತದ ಮೇಲ್ಗಡೆ ಕರೆಂಟು ಕೊಟ್ಟೆ, ಏನೂ ಆಗಲಿಲ್ಲ. ಕೆಳಗಡೆ, ಮೊಳಕೈ ಹತ್ತಿರ ಕೊಟ್ಟೆ. ತೋರುಬೆರಳು ಟಕ್ ಅಂತ ಎದ್ದಿತು. ಪರದೆಯ ಮೇಲೆ ಅಲೆಯೂ ಚೆನ್ನಾಗಿ ಬಂತು.

ಆ ಬೆರಳು ಎದ್ದದ್ದನ್ನು ನೋಡಿ ಅಮ್ಮನ ಮುಖ ಅರಳಿತು. "ಮೇಡಂ, ನರ ಚೆನ್ನಾಗಿದೆ ಅಲ್ವಾ?"

ಹೌದು ಅನ್ನಲೂ ಆಗಲಿಲ್ಲ, ಇಲ್ಲ ಅನ್ನಲೂ ಆಗಲಿಲ್ಲ. ನಾಲ್ಕನೇ ದಿನ ಈ ಪರೀಕ್ಷೆ ಆ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ನರ ಪೂರ್ತಿ ತುಂಡಾಗಿದ್ದರೂ ಆ ದಿನ ಬೆರಳು ಹಾಗೇ ಏಳುತ್ತದೆ. ಇದು ಮೊದಲ ಸಲ ಕೇಳಿದವರಿಗೆ ವಿಚಿತ್ರ ಅನಿಸುತ್ತದೆ. ಆದರೆ ಪೆಟ್ಟಾದ ನರದ ಪರೀಕ್ಷೆಯಲ್ಲಿ ತಿಳಿಯಬೇಕಾದ ದೊಡ್ಡ ವಿಷಯವೇ ಇದು. ಏನು ಬಂತು ಅನ್ನುವುದಕ್ಕಿಂತ ಮೊದಲು, ಎಷ್ಟನೇ ದಿನ ಮಾಡಿದ್ದು ಅಂತ ಕೇಳಬೇಕು.

ಮೊದಲು ಪರೀಕ್ಷೆ ಏನು ಅಂತ ಹೇಳಿಬಿಡುತ್ತೇನೆ. ಡಾಕ್ಟರ ಚೀಟಿಯಲ್ಲಿ ಎನ್‌ಸಿಎಸ್, ಎನ್‌ಸಿವಿ, ಇಎಂಜಿ, ಇಎನ್‌ಎಂಜಿ ಅಂತ ಬೇರೆ ಬೇರೆ ಹೆಸರು ಇರುತ್ತದೆ. ಇರುವುದು ಎರಡೇ ಭಾಗ. ಒಂದರಲ್ಲಿ ಚರ್ಮದ ಮೇಲಿಂದ ನರಕ್ಕೆ ಸಣ್ಣ ಕರೆಂಟು ಕೊಟ್ಟು, ಅದು ಇನ್ನೊಂದು ತುದಿಗೆ ಎಷ್ಟು ಬೇಗ, ಎಷ್ಟು ಬಲವಾಗಿ ತಲುಪಿತು ಅಂತ ಅಳೆಯುತ್ತೇವೆ. ಇನ್ನೊಂದರಲ್ಲಿ ಸ್ನಾಯುವಿನೊಳಗೆ ತೆಳುವಾದ ಸೂಜಿ ಹಾಕಿ, ಅಲ್ಲಿ ತಾನಾಗಿಯೇ ಹುಟ್ಟುವ ವಿದ್ಯುತ್ತನ್ನು ಕೇಳಿಸಿಕೊಳ್ಳುತ್ತಾರೆ. ಮೊದಲನೆಯದು ನಮ್ಮಂಥ ತಂತ್ರಜ್ಞರ ಕೆಲಸ. ಸೂಜಿ ಹಾಕುವುದು ಡಾಕ್ಟರು. ಆ ಸೂಜಿಯಿಂದ ಕರೆಂಟು ಬರುವುದಿಲ್ಲ, ಔಷಧಿಯೂ ಹೋಗುವುದಿಲ್ಲ. ಅದು ಬರೀ ಕಿವಿ.

ಕರೆಂಟು ಕೊಡುವುದು ಒಂದು ಸೆಕೆಂಡಿನ ಹತ್ತು ಸಾವಿರ ಭಾಗದಲ್ಲಿ ಒಂದೋ ಎರಡೋ ಭಾಗದಷ್ಟು ಹೊತ್ತು ಮಾತ್ರ. ಜುಮ್ ಅನ್ನುತ್ತದೆ, ಕೆಲವು ಕಡೆ ಜೋರಾಗಿಯೇ ಹೊಡೆದ ಹಾಗೆ ಆಗುತ್ತದೆ. ನೋವೇ ಇಲ್ಲ ಅಂತ ನಾನು ಯಾರಿಗೂ ಸುಳ್ಳು ಹೇಳುವುದಿಲ್ಲ. ನರದೊಳಗಿನ ಎಲ್ಲ ಎಳೆಗಳೂ ಎಚ್ಚರಗೊಳ್ಳುವ ತನಕ ಕರೆಂಟು ಏರಿಸಲೇಬೇಕು. ಅರ್ಧಕ್ಕೇ ನಿಲ್ಲಿಸಿದರೆ ಅಲೆ ಸಣ್ಣದಾಗಿ ಬರುತ್ತದೆ, ಇಲ್ಲದ ಕಾಯಿಲೆ ಇದ್ದ ಹಾಗೆ ಕಾಣುತ್ತದೆ. ಚೆನ್ನಾಗಿರುವ ಕೈಗೂ ಯಾಕೆ ಶಾಕ್ ಕೊಡುತ್ತೀರಿ ಅಂತ ಬೇಜಾರು ಮಾಡಿಕೊಳ್ಳುವವರಿದ್ದಾರೆ. ಪೆಟ್ಟಾದ ಕೈಯನ್ನು ಹೋಲಿಸಿ ನೋಡಲು ನಿಮ್ಮದೇ ಇನ್ನೊಂದು ಕೈಗಿಂತ ಒಳ್ಳೆಯ ಅಳತೆಗೋಲು ಇಲ್ಲ, ಅದಕ್ಕೆ.

ನರದ ವೇಗವನ್ನು ಅಳೆಯಲು ಸಾಧ್ಯವೇ ಇಲ್ಲ ಅಂತ ಒಂದು ಕಾಲದಲ್ಲಿ ದೊಡ್ಡ ವಿಜ್ಞಾನಿಗಳೇ ನಂಬಿದ್ದರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ಕಾಲಿನ ನರದಲ್ಲಿ ಅದನ್ನು ಅಳೆದು ತೋರಿಸಿದರು. ಸೆಕೆಂಡಿಗೆ ಸುಮಾರು 27 ಮೀಟರ್. ನಮ್ಮ ಮುಂಗೈ ನರಗಳಲ್ಲಿ ಅದು ಸಾಮಾನ್ಯವಾಗಿ 50 ಮೀಟರಿಗಿಂತ ಜಾಸ್ತಿ, ಕಾಲಿನಲ್ಲಿ 40ಕ್ಕಿಂತ ಜಾಸ್ತಿ. ಕೈ ತಣ್ಣಗಿದ್ದರೆ ಒಂದೊಂದು ಡಿಗ್ರಿಗೂ ಸುಮಾರು 2 ಮೀಟರ್ ಕಡಿಮೆಯಾಗುತ್ತದೆ. ಡಿಸೆಂಬರಿನ ಬೆಳಗ್ಗೆ ಬಂದವರ ಕೈಯನ್ನು ಮೊದಲು ಬೆಚ್ಚಗೆ ಮಾಡಿ ಆಮೇಲೆ ಶುರು ಮಾಡುವುದು ಇದಕ್ಕೇ.

ಅದೇ 1850ರಲ್ಲಿ ಲಂಡನ್ನಿನಲ್ಲಿ ಅಗಸ್ಟಸ್ ವಾಲರ್ ಅನ್ನುವ ವೈದ್ಯರು ಕಪ್ಪೆಯ ನಾಲಿಗೆಯ ನರಗಳನ್ನು ಕತ್ತರಿಸಿ, ಆಮೇಲೆ ಅವುಗಳಿಗೆ ಏನಾಗುತ್ತದೆ ಅಂತ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಕತ್ತರಿಸಿದ ಜಾಗದಿಂದ ಆಚೆಯ ಭಾಗ ತಕ್ಷಣ ಸಾಯುವುದಿಲ್ಲ. ದಿನಗಳು ಕಳೆದ ಹಾಗೆ ತುಂಡು ತುಂಡಾಗಿ ಕರಗುತ್ತದೆ. ಪೆಟ್ಟಾದ ನರದ ಬಗ್ಗೆ ನಾವು ಇವತ್ತು ಇಡುವ ದಿನಗಳ ಲೆಕ್ಕವೆಲ್ಲ ಅಲ್ಲಿಂದಲೇ ಶುರು.

ತೋರಣದ ಹಸಿರು

ಹಬ್ಬಕ್ಕೆ ಬಾಗಿಲಿಗೆ ಕಟ್ಟಿದ ಮಾವಿನ ತೋರಣ ನೋಡಿ. ಎಲೆಯನ್ನು ಮರದಿಂದ ಕಿತ್ತಾಗಿದೆ. ಆದರೂ ಎರಡು ಮೂರು ದಿನ ಹಸಿರಾಗಿಯೇ ಇರುತ್ತದೆ, ಆಮೇಲೆ ಒಣಗುತ್ತದೆ. ಮೊದಲ ದಿನ ಬಣ್ಣ ನೋಡಿ ಅದು ಮರದಲ್ಲಿದೆಯೋ ಕಿತ್ತಾಗಿದೆಯೋ ಹೇಳಲು ಆಗುವುದಿಲ್ಲ.

ನರವೂ ಹಾಗೆಯೇ. ತೋಳಿನಲ್ಲಿ ತುಂಡಾದರೂ ಮೊಳಕೈ ಕೆಳಗಿನ ಭಾಗ ಇನ್ನೂ ಕೆಲವು ದಿನ ಕರೆಂಟು ಹರಿಸುತ್ತದೆ. ಸ್ನಾಯುವಿಗೆ ಹೋಗುವ ಎಳೆಗಳು ಮೂರರಿಂದ ಏಳು ದಿನದೊಳಗೆ ಸುಮ್ಮನಾಗುತ್ತವೆ. ಸ್ಪರ್ಶ ತಿಳಿಸುವ ಎಳೆಗಳು ಇನ್ನೂ ಸ್ವಲ್ಪ ದಿನ ಎಳೆದು, ಹತ್ತು ಹನ್ನೊಂದನೇ ದಿನದ ಹೊತ್ತಿಗೆ ನಿಲ್ಲುತ್ತವೆ. ಹಾಗಾಗಿ ಆ ಹುಡುಗನ ಬೆರಳು ನಾಲ್ಕನೇ ದಿನ ಎದ್ದದ್ದಕ್ಕೆ ಎರಡು ಅರ್ಥ ಸಾಧ್ಯವಿತ್ತು. ನರದ ಎಳೆ ಜೀವಂತ ಇದ್ದು, ಪೆಟ್ಟು ಬಿದ್ದ ಜಾಗದಲ್ಲಿ ಮಾತ್ರ ಸಂದೇಶ ತಡೆದು ನಿಂತಿರಬಹುದು. ಅಥವಾ ಎಳೆ ತುಂಡಾಗಿ, ತೋರಣದ ಎಲೆಯ ಹಾಗೆ ಇನ್ನೂ ಒಣಗದೆ ಇರಬಹುದು. ಹತ್ತು ದಿನ ಕಳೆದ ಮೇಲೂ ಕೆಳಗಡೆ ಅಲೆ ಚೆನ್ನಾಗಿ ಬಂದರೆ ಮೊದಲನೆಯದು. ಅಲೆ ಮಾಯವಾಗಿದ್ದರೆ ಎರಡನೆಯದು.

ಈ ಎರಡರ ನಡುವಿನ ವ್ಯತ್ಯಾಸ ತುಂಬಾ ದೊಡ್ಡದು. ವಿದ್ಯುತ್ ತಂತಿಯ ಮೇಲೆ ರಬ್ಬರ್ ಹೊದಿಕೆ ಇರುವ ಹಾಗೆ, ನರದ ಎಳೆಯಾದ ಆಕ್ಸಾನಿನ ಮೇಲೂ ಮಯಲಿನ್ ಅನ್ನುವ ಕೊಬ್ಬಿನ ಹೊದಿಕೆ ಇರುತ್ತದೆ. ಹೊದಿಕೆ ಮಾತ್ರ ಜಜ್ಜಿ ಹೋಗಿದ್ದರೆ ದೇಹ ಅದನ್ನು ಕೆಲವು ವಾರಗಳಲ್ಲಿ ಮತ್ತೆ ಕಟ್ಟುತ್ತದೆ. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಕೈ ವಾಪಸ್ಸು. ಕುರ್ಚಿಯ ಹಿಂಬದಿಗೆ ತೋಳು ಒತ್ತಿಕೊಂಡು ಇಡೀ ರಾತ್ರಿ ಮಲಗಿ, ಬೆಳಗ್ಗೆ ಮಣಿಕಟ್ಟು ಜೋತು ಬಿದ್ದು ಬರುವವರಲ್ಲಿ ಹೆಚ್ಚಿನವರದು ಈ ಬಗೆ. ಆಕ್ಸಾನೇ ತುಂಡಾದರೆ ಮಾತ್ರ ಅದು ಹೊಸದಾಗಿ ಬೆಳೆದು ಬರಬೇಕು. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೆ ಚಿಕಿತ್ಸೆ ಕೊಡುತ್ತಿದ್ದ ಹರ್ಬರ್ಟ್ ಸೆಡ್ಡನ್ 1943ರಲ್ಲಿ ಇದನ್ನು ಮೂರು ದರ್ಜೆ ಮಾಡಿದರು. ತಡೆ ಮಾತ್ರ ಆಗಿರುವುದು, ಒಳಗಿನ ಎಳೆ ತುಂಡಾಗಿ ಹೊರಗಿನ ಕೊಳವೆ ಉಳಿದಿರುವುದು, ಕೊಳವೆ ಸಮೇತ ತುಂಡಾಗಿರುವುದು. ನಮ್ಮ ಯಂತ್ರ ಮೊದಲನೆಯದನ್ನು ಉಳಿದೆರಡರಿಂದ ಚೆನ್ನಾಗಿ ಬೇರೆ ಮಾಡುತ್ತದೆ. ಎರಡನೆಯದು, ಮೂರನೆಯದು ಮಾತ್ರ ಶುರುವಿನಲ್ಲಿ ಯಂತ್ರಕ್ಕೆ ಒಂದೇ ಥರ ಕಾಣುತ್ತವೆ. ಅಲ್ಲಿ ಅಲ್ಟ್ರಾಸೌಂಡ್, ಎಂಆರ್‌ಐ ಬೇಕಾಗಬಹುದು, ಕಾದು ನೋಡಬೇಕಾಗಬಹುದು, ಇಲ್ಲವೇ ಬಿಚ್ಚಿ ನೋಡಬೇಕಾಗಬಹುದು. ರಿಪೋರ್ಟಿನಲ್ಲಿ ತೀವ್ರ ಪೆಟ್ಟು ಅಂತ ಬರೆದಿದ್ದನ್ನು ಓದಿ, ನರ ಕಟ್ಟಾಗಿದೆ, ಇನ್ನು ಮುಗಿಯಿತು ಅಂತ ಅಳುತ್ತಾ ಬಂದವರಿದ್ದಾರೆ. ರಿಪೋರ್ಟು ಹಾಗೆ ಹೇಳಿರುವುದಿಲ್ಲ. ಕೊಳವೆ ಉಳಿದಿದ್ದರೆ ಎಳೆ ಅದರೊಳಗೇ ದಾರಿ ಹಿಡಿದು ಬರುತ್ತದೆ.

ಚಾಕು, ಗಾಜು, ಕುಡುಗೋಲು ತಗುಲಿ ಗಾಯವಾಗಿ ಕೈ ನಡೆಯದಿದ್ದರೆ ಈ ದಿನಗಳ ಲೆಕ್ಕಕ್ಕೆ ಕಾಯಲೇಬಾರದು. ಅಲ್ಲಿ ನರ ತುಂಡಾಗಿರುವ ಸಾಧ್ಯತೆಯೇ ಜಾಸ್ತಿ. ಮೊದಲ ಕೆಲವು ದಿನಗಳಲ್ಲೇ ಶಸ್ತ್ರಚಿಕಿತ್ಸೆ ಮಾಡಿ ಜೋಡಿಸುವುದು ಒಳ್ಳೆಯದು. ಪರೀಕ್ಷೆ ಮಾಡಿಸಿಯೇ ಹೋಗೋಣ ಅಂತ ಮೂರು ವಾರ ಕಳೆದರೆ ತುಂಡಾದ ತುದಿಗಳು ಹಿಂದಕ್ಕೆ ಸರಿದು, ಜೋಡಿಸುವುದು ಕಷ್ಟವಾಗುತ್ತದೆ.

ತಗಡಿನ ಮೇಲೆ ಮಳೆ

ಸೂಜಿ ಪರೀಕ್ಷೆಗೆ ಬೇರೆಯದೇ ದಿನ. ಆರಾಮವಾಗಿರುವ ಒಳ್ಳೆಯ ಸ್ನಾಯುವಿನೊಳಗೆ ಸೂಜಿ ಹಾಕಿ ಸ್ಪೀಕರ್ ಹಚ್ಚಿದರೆ ಏನೂ ಕೇಳಿಸುವುದಿಲ್ಲ. ನರದ ಸಂಪರ್ಕ ಕಳೆದುಕೊಂಡ ಸ್ನಾಯು ಹಾಗಲ್ಲ. ಯಾರೂ ಹೇಳದಿದ್ದರೂ ಅದರ ಒಂದೊಂದು ಎಳೆಯೂ ತಾನಾಗಿಯೇ ಮಿಡಿಯಲು ಶುರು ಮಾಡುತ್ತದೆ. ಸ್ಪೀಕರಿನಲ್ಲಿ ಅದು ತಗಡಿನ ಮಾಡಿನ ಮೇಲೆ ಹನಿ ಮಳೆ ಬಿದ್ದ ಹಾಗೆ ಕೇಳಿಸುತ್ತದೆ. ಟಿಕ್, ಟಿಕ್, ಟಿಕ್, ಒಂದೇ ಸಮ. ಇದಕ್ಕೆ ಫಿಬ್ರಿಲೇಷನ್ ಅನ್ನುತ್ತಾರೆ. ಪೆಟ್ಟಾದ ಜಾಗಕ್ಕೆ ಹತ್ತಿರದ ಸ್ನಾಯುಗಳಲ್ಲಿ ಇದು ಹತ್ತು ಹದಿನಾಲ್ಕು ದಿನಕ್ಕೆ ಶುರುವಾಗುತ್ತದೆ, ದೂರದವುಗಳಲ್ಲಿ ಮೂರು ನಾಲ್ಕು ವಾರಕ್ಕೆ. ಅದಕ್ಕೂ ಮೊದಲೇ ಸೂಜಿ ಹಾಕಿ ಏನೂ ಇಲ್ಲ ಅಂದರೆ ಆ ಮಾತಿಗೆ ಬೆಲೆ ಇಲ್ಲ. ಮೂರು ನಾಲ್ಕು ವಾರ ಆದ ಮೇಲೆ ಬನ್ನಿ ಅಂತ ಡಾಕ್ಟರು ಹೇಳಿದರೆ ಅದು ಉದಾಸೀನ ಅಲ್ಲ, ಲೆಕ್ಕ ಹಾಕಿಯೇ ಹೇಳಿದ್ದು.

ಆಮೇಲೆ ಡಾಕ್ಟರು ಕೈಯನ್ನು ಸ್ವಲ್ಪ ಎತ್ತಲು ಪ್ರಯತ್ನ ಮಾಡಿ ಅನ್ನುತ್ತಾರೆ. ಎಷ್ಟೋ ಜನ, ಆಗಲ್ಲ ಅಂತ ಗೊತ್ತಿದ್ದೂ ಯಾಕೆ ಕೇಳುತ್ತಾರೆ ಅಂತ ಸುಮ್ನೆ ಇದ್ದುಬಿಡುತ್ತಾರೆ. ದಯವಿಟ್ಟು ಪ್ರಯತ್ನ ಮಾಡಿ. ಕಣ್ಣಿಗೆ ಕಾಣುವ ಚಲನೆ ಇಲ್ಲದಿದ್ದರೂ ನರದ ಒಂದೇ ಒಂದು ಎಳೆ ಕೆಲಸ ಮಾಡಿದರೆ ಸಾಕು, ಸೂಜಿಗೆ ಸಿಗುತ್ತದೆ. ಆ ಒಂದು ಸದ್ದು ಸಿಕ್ಕರೆ ನರ ಪೂರ್ತಿ ತುಂಡಾಗಿಲ್ಲ ಅಂತ ಅರ್ಥ. ಇದಕ್ಕೆ ಮಾತ್ರ ದಿನದ ಲೆಕ್ಕ ಇಲ್ಲ. ಮೊದಲ ದಿನ ಸಿಕ್ಕರೂ ಅದು ಒಳ್ಳೆಯ ಸುದ್ದಿಯೇ.

ಅರ್ಧ ಪೆಟ್ಟಾದ ನರದಲ್ಲಿ ಇನ್ನೊಂದು ಚಂದದ ಸಂಗತಿ ನಡೆಯುತ್ತದೆ. ಮದುವೆ ಮನೆಯಲ್ಲಿ ಬಡಿಸಲು ಹತ್ತು ಜನ ಇರಬೇಕಾದ ಕಡೆ ಇಬ್ಬರೇ ಇದ್ದಾರೆ ಅಂದುಕೊಳ್ಳಿ. ಅವರಿಬ್ಬರೂ ಮೊದಲು ಓಡಾಡಿ ಬಡಿಸುತ್ತಾರೆ. ಸೂಜಿಯಲ್ಲಿ ಇದು ಹಾಗೇ ಕಾಣುತ್ತದೆ: ಉಳಿದ ಕೆಲವೇ ಎಳೆಗಳು ಅವಸರ ಅವಸರವಾಗಿ ಮಿಡಿಯುತ್ತಿರುತ್ತವೆ. ಕೆಲವು ತಿಂಗಳು ಕಳೆದರೆ ಉಳಿದ ನರದ ಎಳೆಗಳು ಪಕ್ಕಕ್ಕೆ ಚಿಗುರು ಬಿಟ್ಟು, ಅನಾಥವಾದ ಸ್ನಾಯು ಎಳೆಗಳನ್ನು ತಮ್ಮ ಜೊತೆ ಸೇರಿಸಿಕೊಳ್ಳುತ್ತವೆ. ಪಕ್ಕದ ಪಂಕ್ತಿಯನ್ನೂ ಅವರೇ ನೋಡಿಕೊಂಡ ಹಾಗೆ. ಆಗ ಒಂದೊಂದು ಅಲೆಯೂ ಮೊದಲಿಗಿಂತ ದೊಡ್ಡದಾಗಿ ಬರುತ್ತದೆ. ನರ ಮೇಲಿಂದ ಬೆಳೆದು ಬರುವ ಮೊದಲೇ ಕೈಯಲ್ಲಿ ಸ್ವಲ್ಪ ಬಲ ಬರುವುದು ಹೀಗೆ.

ನಾರ್ಮಲ್ ಅಂದರೆ ಭಯ ಪಡಬೇಕಾದ ಜಾಗ

ಇದನ್ನು ಹೇಳಲೇಬೇಕು, ಯಾಕೆಂದರೆ ಇಲ್ಲಿ ತಪ್ಪು ತಿಳಿದುಕೊಂಡು ತಿಂಗಳುಗಟ್ಟಲೆ ಕಳೆದುಕೊಂಡವರಿದ್ದಾರೆ.

ಬೈಕಿನಿಂದ ಎಸೆಯಲ್ಪಟ್ಟು ಭುಜ ನೆಲಕ್ಕೆ ಅಪ್ಪಳಿಸಿದಾಗ ಕುತ್ತಿಗೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆಯುತ್ತದೆ. ಕುತ್ತಿಗೆಯಿಂದ ಕೈಗೆ ಬರುವ ನರಗಳ ಹೆಣಿಗೆಗೆ ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ. ಐದು ಬೇರುಗಳು ಬೆನ್ನುಹುರಿಯಿಂದ ಹೊರಟು ಅಲ್ಲಿ ಕೂಡಿಕೊಂಡು ಇಡೀ ಕೈಗೆ ಹರಡುತ್ತವೆ. ನಮ್ಮ ದೇಶದಲ್ಲಿ ಈ ಹೆಣಿಗೆಗೆ ಆಗುವ ಪೆಟ್ಟಿಗೆ ದೊಡ್ಡ ಕಾರಣವೇ ದ್ವಿಚಕ್ರ ವಾಹನ ಅಪಘಾತ. ಬರುವವರು ಹೆಚ್ಚಾಗಿ ದುಡಿಯುವ ವಯಸ್ಸಿನ ಹುಡುಗರು.

ಅಂಥ ಒಬ್ಬರ ಕೈ ಸಂಪೂರ್ಣ ಮರಗಟ್ಟಿದೆ. ಚುಚ್ಚಿದರೂ ಗೊತ್ತಾಗುವುದಿಲ್ಲ. ಅಪಘಾತ ಆಗಿ ಒಂದು ತಿಂಗಳಾಗಿದೆ. ಸ್ಪರ್ಶದ ನರ ಪರೀಕ್ಷೆ ಮಾಡಿದರೆ ಅಲೆ ಪೂರ್ತಿ ನಾರ್ಮಲ್! ಮನೆಯವರು ಖುಷಿಯಾಗುತ್ತಾರೆ. ನಿಜಕ್ಕೂ ಇದು ಅತ್ಯಂತ ಕೆಟ್ಟ ಸುದ್ದಿಯ ಗುರುತು.

ಯಾಕೆ ಅಂತ ನೋಡಿ. ಸ್ಪರ್ಶದ ಎಳೆಯ ತಾಯಿ ಜೀವಕೋಶ ಬೆನ್ನುಹುರಿಯ ಒಳಗೆ ಇಲ್ಲ. ಅದು ಹುರಿಯ ಪಕ್ಕದಲ್ಲೇ, ಹೊರಗೆ ಒಂದು ಸಣ್ಣ ಗಂಟಿನಲ್ಲಿ ಕೂತಿದೆ. ಅಲ್ಲಿಂದ ಒಂದು ಕವಲು ಕೈಗೆ, ಇನ್ನೊಂದು ಬೆನ್ನುಹುರಿಗೆ. ಗಂಟಿಗೂ ಹುರಿಗೂ ನಡುವೆ ಬೇರು ಕಿತ್ತುಬಂದರೆ, ಕೈಯ ಕಡೆಯ ಕವಲು ತಾಯಿಯ ಜೊತೆಗೇ ಉಳಿಯುತ್ತದೆ. ಸಾಯುವುದಿಲ್ಲ. ತಾಲ್ಲೂಕು ಬಸ್ ನಿಲ್ದಾಣದಿಂದ ಹಳ್ಳಿಗಳಿಗೆ ಬಸ್ಸುಗಳು ಎಂದಿನ ಹಾಗೆ ಓಡುತ್ತಿವೆ, ಆದರೆ ನಿಲ್ದಾಣದಿಂದ ರಾಜಧಾನಿಗೆ ಹೋಗುವ ರಸ್ತೆ ಕೊಚ್ಚಿಹೋಗಿದೆ. ನಾವು ಅಳೆಯುವುದು ಹಳ್ಳಿಯ ರಸ್ತೆಯನ್ನು. ಅದು ಸರಿಯಾಗಿಯೇ ಇದೆ. ಮೆದುಳಿಗೆ ಮಾತ್ರ ಏನೂ ತಲುಪುತ್ತಿಲ್ಲ.

ಸ್ನಾಯುವಿಗೆ ಹೋಗುವ ಎಳೆಯ ತಾಯಿ ಕೋಶ ಬೆನ್ನುಹುರಿಯೊಳಗೇ ಇದೆ. ಹಾಗಾಗಿ ಆ ಅಲೆ ಮಾತ್ರ ಸತ್ತಿರುತ್ತದೆ. ಮರಗಟ್ಟಿದ ಕೈಯಲ್ಲಿ ಸ್ಪರ್ಶದ ಅಲೆ ಚೆನ್ನಾಗಿದ್ದು ಸ್ನಾಯುವಿನ ಅಲೆ ಇಲ್ಲ ಅಂದರೆ ಬೇರೇ ಕಿತ್ತಿದೆ ಅಂತ ಅನುಮಾನ ಪಡಬೇಕು. ಕಿತ್ತ ಬೇರು ತಾನಾಗಿ ಮತ್ತೆ ಕೂಡುವುದಿಲ್ಲ. ಕಾಯುವುದರಿಂದ ಲಾಭವಿಲ್ಲ, ಬೇಗ ಶಸ್ತ್ರಚಿಕಿತ್ಸಕರ ಬಳಿ ಹೋಗಬೇಕು. ರಿಪೋರ್ಟಿನ ಕೊನೆಯಲ್ಲಿ ನಾರ್ಮಲ್ ಅಂತ ಕಂಡ ಕೂಡಲೇ ಫೈಲ್ ಮುಚ್ಚಿ ಇಡಬೇಡಿ ಅಂತ ನಾನು ಇಷ್ಟು ಒತ್ತಿ ಹೇಳುವುದು ಇದಕ್ಕೇ.

ದಿನಕ್ಕೆ ಒಂದು ಮಿಲಿಮೀಟರ್

ತುಂಡಾದ ನರ ದಿನಕ್ಕೆ ಸುಮಾರು 1 ಮಿಲಿಮೀಟರ್ ಬೆಳೆಯುತ್ತದೆ. ತಿಂಗಳಿಗೆ ಒಂದು ಇಂಚು ಅಂದುಕೊಳ್ಳಿ. ಶುರುವಾಗಲು ಮೊದಲೇ ಕೆಲವು ವಾರ ಹಿಡಿಯುತ್ತದೆ. ಇನ್ನೊಂದು ಕಡೆ, ನರ ಇಲ್ಲದೆ ಸ್ನಾಯು ಎಷ್ಟು ದಿನವಾದರೂ ಕಾಯುವುದಿಲ್ಲ. ಹನ್ನೆರಡರಿಂದ ಹದಿನೆಂಟು ತಿಂಗಳಲ್ಲಿ ಅದು ಸೊರಗಿ, ಒಳಗೆಲ್ಲ ನಾರು, ಕೊಬ್ಬು ತುಂಬಿಕೊಳ್ಳುತ್ತದೆ. ಆಮೇಲೆ ನರ ಬಂದು ತಲುಪಿದರೂ ಪ್ರಯೋಜನ ಕಡಿಮೆ.

ಈಗ ಲೆಕ್ಕ ಹಾಕಿ. ಪೆಟ್ಟು ಬಿದ್ದದ್ದು ತೋಳಿನ ಮಧ್ಯದಲ್ಲಿ, ಸ್ನಾಯು ಇರುವುದು ಹತ್ತು ಸೆಂಟಿಮೀಟರ್ ಕೆಳಗೆ. ನೂರು ದಿನ, ಜೊತೆಗೆ ಕೆಲವು ವಾರ. ನಾಲ್ಕು ತಿಂಗಳು ಕಾಯಬಹುದು. ಆದರೆ ಕಂಕುಳಲ್ಲಿ ನರ ತುಂಡಾಗಿ, ಸ್ನಾಯು ಅಂಗೈಯಲ್ಲಿದ್ದರೆ? ದೊಡ್ಡವರ ಕೈಯಲ್ಲಿ ಅರವತ್ತು ಸೆಂಟಿಮೀಟರ್ ಹತ್ತಿರ ಆಗುತ್ತದೆ. ಆರುನೂರು ದಿನ. ಅಷ್ಟರಲ್ಲಿ ಸ್ನಾಯು ಉಳಿಯುವುದಿಲ್ಲ. ಅದಕ್ಕೇ ಶಸ್ತ್ರಚಿಕಿತ್ಸಕರು ಸ್ನಾಯುವಿನ ಹತ್ತಿರದಲ್ಲೇ ಕೆಲಸ ಮಾಡುತ್ತಿರುವ ಬೇರೆ ನರದಿಂದ ಒಂದು ಎಳೆ ಕಡ ತಂದು ಜೋಡಿಸುತ್ತಾರೆ. 1994ರಲ್ಲಿ ಫ್ರಾನ್ಸಿನ ಒಬೆರ್ಲಿನ್ ಅವರು ಅಂಗೈಗೆ ಹೋಗುವ ಅಲ್ನರ್ ನರದ ಒಂದು ಸಣ್ಣ ಕಟ್ಟನ್ನು ಮೊಳಕೈ ಮಡಚುವ ಸ್ನಾಯುವಿನ ನರಕ್ಕೆ ಜೋಡಿಸಿದ್ದನ್ನು ಪ್ರಕಟಿಸಿದರು. ಇವತ್ತು ನಮ್ಮಲ್ಲೂ ಇದನ್ನು ಮಾಡುತ್ತಾರೆ. ಆದರೆ ಸಮಯಕ್ಕೆ ಸರಿಯಾಗಿ ಬರಬೇಕು. ಮುಚ್ಚಿದ ಪೆಟ್ಟುಗಳಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ಪರೀಕ್ಷೆ, ಮೂರು ತಿಂಗಳ ಹೊತ್ತಿಗೆ ಇನ್ನೊಂದು, ಆಗಲೂ ಚೇತರಿಕೆಯ ಗುರುತು ಇಲ್ಲದಿದ್ದರೆ ಮೂರರಿಂದ ಆರು ತಿಂಗಳೊಳಗೆ ಶಸ್ತ್ರಚಿಕಿತ್ಸೆಯ ತೀರ್ಮಾನ. ಎರಡನೇ ಪರೀಕ್ಷೆಗೆ ಬರದೆ ವರ್ಷ ಬಿಟ್ಟು ಬಂದವರನ್ನು ನೋಡಿದಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ದುಡ್ಡಿನ ತೊಂದರೆ, ದೂರದ ಊರು, ಕೂಲಿ ತಪ್ಪುವ ಭಯ, ಕಾರಣಗಳು ಅರ್ಥವಾಗುತ್ತವೆ. ಸ್ನಾಯುವಿಗೆ ಮಾತ್ರ ಅವು ಅರ್ಥವಾಗುವುದಿಲ್ಲ.

ಪರೀಕ್ಷೆಗೆ ಬರುವಾಗ ಕೈಕಾಲಿಗೆ ಎಣ್ಣೆ, ಮುಲಾಮು ಹಚ್ಚಬೇಡಿ. ಪೆಟ್ಟಾಗಿದೆ ಅಂತ ಮನೆಯಲ್ಲಿ ನೀವಿ ಕಳಿಸಿರುತ್ತಾರೆ, ಅಲೆ ಹಿಡಿಯಲು ಚರ್ಮಕ್ಕೆ ಅಂಟಿಸುವ ಪಟ್ಟಿ ಅಂಟುವುದೇ ಇಲ್ಲ. ಉಂಗುರ, ಬಳೆ ತೆಗೆದು ಬನ್ನಿ. ಖಾಲಿ ಹೊಟ್ಟೆ ಬೇಕಿಲ್ಲ, ಊಟ ಮಾಡಿಯೇ ಬನ್ನಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿದ್ದರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಸಕ್ಕರೆ ಕಾಯಿಲೆ ಇದ್ದರೆ ಅದನ್ನೂ ಹೇಳಿ, ಅದು ಮೊದಲೇ ನರವನ್ನು ನಿಧಾನ ಮಾಡಿರಬಹುದು. ಪೆಟ್ಟಾದ ದಿನಾಂಕ ಮತ್ತು ಹಳೆಯ ರಿಪೋರ್ಟು ಎರಡೂ ಕೈಯಲ್ಲಿರಲಿ. ಇನ್ನೊಂದು ಮಾತು. ಇದು ಚಿಕಿತ್ಸೆ ಅಲ್ಲ. ಫಿಸಿಯೋಥೆರಪಿಯಲ್ಲಿ ಕೊಡುವ ಕರೆಂಟೇ ಬೇರೆ, ಇದೇ ಬೇರೆ. ನೋವು ಇದ್ದೂ ಪರೀಕ್ಷೆ ನಾರ್ಮಲ್ ಬಂದರೆ ನಿಮ್ಮ ನೋವು ಸುಳ್ಳು ಅಂತಲೂ ಅಲ್ಲ. ನೋವು ಸಾಗಿಸುವ ಅತಿ ಸಣ್ಣ ಎಳೆಗಳನ್ನು ಈ ಯಂತ್ರ ಅಳೆಯುವುದಿಲ್ಲ.

ಕಾಯುವ ತಿಂಗಳುಗಳಲ್ಲಿ ಕೀಲುಗಳು ಬಿಗಿಯದ ಹಾಗೆ ಇನ್ನೊಂದು ಕೈಯಿಂದ ದಿನವೂ ಆಡಿಸಬೇಕು, ಜೋತು ಬಿದ್ದ ಮಣಿಕಟ್ಟಿಗೆ ಪಟ್ಟಿ ಕಟ್ಟಬೇಕು. ಮರಗಟ್ಟಿದ ಕೈಯಿಂದ ಬಿಸಿ ಪಾತ್ರೆ ಇಳಿಸಬಾರದು. ಸುಟ್ಟದ್ದು ಗೊತ್ತೇ ಆಗುವುದಿಲ್ಲ.

ಆ ಹುಡುಗ ನಾಲ್ಕನೇ ವಾರಕ್ಕೆ ಮತ್ತೆ ಬಂದ. ಮೊಳಕೈ ಹತ್ತಿರ ಕರೆಂಟು ಕೊಟ್ಟರೂ ಈ ಸಲ ಬೆರಳು ಏಳಲಿಲ್ಲ. ಸೂಜಿ ಹಾಕಿದಾಗ ತಗಡಿನ ಮೇಲಿನ ಮಳೆ. ಅವನ ಅಮ್ಮ ಏನೂ ಮಾತಾಡಲಿಲ್ಲ. ನಾಲ್ಕನೇ ದಿನವೇ ಎಲೆ ಕಿತ್ತಾಗಿತ್ತು, ನಮಗೆ ಕಂಡದ್ದು ಹಸಿರು ಮಾತ್ರ ಅಂತ ಡಾಕ್ಟರು ಅವರಿಗೆ ಬಿಡಿಸಿ ಹೇಳಿದರು. ಕೊಳವೆ ಉಳಿದಿರಬಹುದು ಅಂತ ಅಲ್ಟ್ರಾಸೌಂಡ್ ತೋರಿಸಿದ್ದರಿಂದ ಕಾಯೋಣ ಅಂದರು. ಮೂರು ತಿಂಗಳು ತುಂಬಿ ಒಂದು ವಾರವಾಗಿತ್ತು, ಮೂರನೇ ಪರೀಕ್ಷೆ. ಮೊಳಕೈ ಮೇಲಿಂದ ಮುಂಗೈಗೆ ಇಳಿಯುವ ಸ್ನಾಯುವಿಗೆ ಸೂಜಿ ಹಾಕಿ, ಮೊಳಕೈ ಮಡಚಲು ಪ್ರಯತ್ನ ಮಾಡಪ್ಪ ಅಂದರು. ಮಳೆಯ ಸದ್ದಿನ ನಡುವೆ ಸಣ್ಣ, ಒರಟಾದ, ಮುರುಕು ಮುರುಕು ಅಲೆಯೊಂದು ಬಂತು. ಮತ್ತೊಂದು ಬಂತು. ಅವನು ಪ್ರಯತ್ನ ಬಿಟ್ಟಾಗ ನಿಂತಿತು, ಮತ್ತೆ ಮಾಡಿದಾಗ ಮತ್ತೆ ಬಂತು. ಹೊಸದಾಗಿ ಬಂದು ತಲುಪಿದ ಎಳೆಗಳ ಮೊದಲ ಸದ್ದು ಹಾಗೇ ಇರುತ್ತದೆ.

ಆ ದಿನ ಅವನ ಕೈ ನೋಡಿದರೆ ಏನೂ ಬದಲಾಗಿರಲಿಲ್ಲ. ಆ ಸ್ನಾಯು ಮುಟ್ಟಿದರೆ ಗೊತ್ತಾಗುವ ಹಾಗೆ ಬಿಗಿಯಾಗಲು ಇನ್ನೂ ನಾಲ್ಕು ವಾರ ಹಿಡಿಯಿತು. ಆಮೇಲೆ ಮಣಿಕಟ್ಟು ಎದ್ದಿತು, ಆಮೇಲೆ ಬೆರಳು. ಹೆಬ್ಬೆರಳು ಎಲ್ಲಕ್ಕಿಂತ ಕೊನೆಗೆ ಬಂತು.